ಹೊಟ್ಟೆಯಡಿ ಬ್ಲೇಡ್ ಇರುವ ಹಳೆಯ ಫೋರ್ಡ್‌ಸನ್: ಬಿಚ್ಚಿಸಬೇಡಿ, ಇಡಿಯಾಗಿ ಕೊಳ್ಳಿ

ಪ್ರಶ್ನೆ: ನಾನು ಅಮೆರಿಕದ ಮಿನ್ನೆಸೋಟದಲ್ಲಿದ್ದೇನೆ. ಹಳೆಯ ಟ್ರ್ಯಾಕ್ಟರ್ ಸಂಗ್ರಹಿಸುವ ಆಸೆ ಇದೆ. ನಮ್ಮ ಊರಿಗೆ ಹತ್ತಿರದ ಜಮೀನೊಂದರಲ್ಲಿ ಕೊಟ್ಟಿಗೆಯ ಹಿಂದೆ ಒಂದು ಫೋರ್ಡ್‌ಸನ್ ಬಿದ್ದಿದೆ. ಅದಕ್ಕೆ ಅದರದೇ ಮುಂದಿನ ಚಕ್ರಗಳಿಲ್ಲ. ಇಡೀ ಟ್ರ್ಯಾಕ್ಟರನ್ನು ಉದ್ದನೆಯ ಉಕ್ಕಿನ ಚೌಕಟ್ಟಿನೊಳಗೆ ಕೂರಿಸಿದ್ದಾರೆ. ಚೌಕಟ್ಟಿನ ಕೆಳಗೆ ರಸ್ತೆ ಹೆರೆಯುವ ಬ್ಲೇಡ್, ಅದನ್ನು ಏರಿಸಿ ಇಳಿಸಲು ಎರಡು ದೊಡ್ಡ ಕೈಚಕ್ರ. ಕಂಪನಿಯ ಫಲಕ ಎಲ್ಲೂ ಕಾಣಲಿಲ್ಲ. ಮಾಲೀಕರು, ‘ಟ್ರ್ಯಾಕ್ಟರ್ ಬಿಚ್ಚಿಕೊಂಡು ಹೋಗಿ, ಉಳಿದದ್ದನ್ನು ಗುಜರಿಗೆ ಹಾಕುತ್ತೇನೆ’ ಎನ್ನುತ್ತಾರೆ. ಇದು ಯಾರು ಮಾಡಿದ್ದು, ಯಾವ ಕಾಲದ್ದು? ಕೊಂಡರೆ ಓಡುವ ಸ್ಥಿತಿಗೆ ತರಬಹುದೇ?

ಉತ್ತರ: ಮೊದಲು ಮಾಲೀಕರಿಗೆ ಫೋನ್ ಮಾಡಿ, ಒಂದು ಬೋಲ್ಟೂ ಬಿಚ್ಚಬೇಡಿ ಎಂದು ಹೇಳಿ. 1917ರಿಂದ 1928ರವರೆಗೆ ಅಮೆರಿಕದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಫೋರ್ಡ್‌ಸನ್‌ಗಳು ತಯಾರಾದವು. ಇವತ್ತಿಗೂ ಹರಾಜುಗಳಲ್ಲಿ ಸಿಗುತ್ತವೆ. ಅಪರೂಪದ್ದು ಅದರ ಸುತ್ತ ಇರುವ ಚೌಕಟ್ಟು, ಅಂದರೆ ರಸ್ತೆ ಹೆರೆದು ಸಮತಟ್ಟು ಮಾಡುವ ಗ್ರೇಡರ್. ಎಂಜಿನ್ ಸವೆದಾಗ, ರಸ್ತೆ ನೋಡಿಕೊಳ್ಳುತ್ತಿದ್ದ ಕೌಂಟಿಗಳು (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳು) ಇಂಥ ಯಂತ್ರಗಳನ್ನು ಮಾರಿಬಿಟ್ಟವು. ಕೊಂಡವರು ಟ್ರ್ಯಾಕ್ಟರ್ ಭಾಗ ಇಟ್ಟುಕೊಂಡು ಚೌಕಟ್ಟನ್ನು ಕಬ್ಬಿಣದ ತೂಕಕ್ಕೆ ಹಾಕಿದರು. ಎರಡನೇ ಮಹಾಯುದ್ಧದ ಗುಜರಿ ಸಂಗ್ರಹದ ಅಭಿಯಾನಗಳಲ್ಲಿ ಇನ್ನಷ್ಟು ಹೋದವು. ಹಾಗಾಗಿ ಟ್ರ್ಯಾಕ್ಟರಿಗೆ ಅವರು ಹೇಳುವ ಬೆಲೆಯ ಮೇಲೆ ಚೌಕಟ್ಟಿನ ಗುಜರಿ ಬೆಲೆ ಸೇರಿಸಿ, ಇಡಿಯಾಗಿ ಕೇಳಿ. ಬಿಚ್ಚುವ ಕೆಲಸ ತಪ್ಪಿತು ಎಂದು ಹೆಚ್ಚಿನವರು ಒಪ್ಪುತ್ತಾರೆ. ಆಸುಪಾಸಿನ ಹುಲ್ಲಿನಲ್ಲಿ ಬಿದ್ದಿರುವ ಸರಳು, ಕೊಂಡಿ, ಹಲ್ಲುಚಕ್ರಗಳೂ ಲೆಕ್ಕದಲ್ಲಿ ಸೇರಿವೆ ಎಂದು ಬರೆಸಿಕೊಳ್ಳಿ. ಬ್ಲೇಡಿನ ಮುಂದೆ ನೆಲ ಕೆದಕುವ ಹಲ್ಲುಸಾಲು, ಅಂದರೆ ಸ್ಕ್ಯಾರಿಫೈಯರ್, ಸಾಮಾನ್ಯವಾಗಿ ಮೊದಲೇ ಕಳಚಿ ಬೇರೆಲ್ಲೋ ಬಿದ್ದಿರುತ್ತದೆ.

ಕಾಲದ ವಿಷಯ. ಇದಕ್ಕೂ ಮೊದಲು ಗ್ರೇಡರುಗಳನ್ನು ಕುದುರೆಗಳು, ಆಮೇಲೆ ಟ್ರ್ಯಾಕ್ಟರುಗಳು ಎಳೆಯುತ್ತಿದ್ದವು. ಎಳೆಯುವುದನ್ನು ನಡೆಸಲು ಒಬ್ಬರು, ಗ್ರೇಡರಿನ ಮೇಲೆ ನಿಂತು ಕೈಚಕ್ರ ತಿರುಗಿಸಲು ಇನ್ನೊಬ್ಬರು ಬೇಕಿತ್ತು. 1916ರ ಫೆಡರಲ್ ರಸ್ತೆ ನೆರವಿನ ಕಾಯ್ದೆ ಬಂದ ಮೇಲೆ, 1921ರ ಹೆದ್ದಾರಿ ಕಾಯ್ದೆಯ ನಂತರ ಇನ್ನೂ ಜೋರಾಗಿ, ರಾಜ್ಯಗಳು ಮೈಲುಗಟ್ಟಲೆ ಜಲ್ಲಿ ರಸ್ತೆ ಹಾಕಿದವು. ಜಲ್ಲಿ ರಸ್ತೆ ಒಮ್ಮೆ ಹಾಕಿ ಮರೆಯುವಂಥದ್ದಲ್ಲ. ಮೋಟಾರು ಗಾಡಿಗಳು ಓಡಾಡಿದಂತೆ ಅಲೆಅಲೆಯಾಗಿ ಏಳುತ್ತದೆ, ಮಳೆಗೆ ಗುಂಡಿ ಬೀಳುತ್ತದೆ, ಪದೇ ಪದೇ ತೆಳುವಾಗಿ ಹೆರೆಯಬೇಕಾಗುತ್ತದೆ. ಆ ಕೆಲಸವನ್ನು ಒಬ್ಬನೇ ಆಳು ಮಾಡಲಿ ಎಂದು ಟ್ರ್ಯಾಕ್ಟರನ್ನೇ ಗ್ರೇಡರಿನೊಳಗೆ ಕೂರಿಸಿದರು.

ಇದರಲ್ಲಿ ಮೊದಲಿಗರ ಪೈಕಿ ನಿಮ್ಮ ರಾಜ್ಯದ್ದೇ ಕಂಪನಿಯೊಂದಿದೆ. ರಿಚರ್ಡ್ ರಸೆಲ್ ಮತ್ತು ಸಿ. ಕೆ. ಸ್ಟಾಕ್‌ಲ್ಯಾಂಡ್ 1903ರಲ್ಲಿ ಮಿನ್ನೆಸೋಟದ ಸ್ಟೀಫನ್ ಎಂಬ ಊರಿನಲ್ಲಿ ಕೂಡಿ ಆರಂಭಿಸಿ, ಮುಂದೆ ಮಿನ್ನಿಯಾಪೊಲಿಸ್‌ಗೆ ಒಯ್ದ ರಸೆಲ್ ಗ್ರೇಡರ್ ಕಂಪನಿ ಅದು. ಅವರ ‘ಮೋಟಾರ್ ಹೈ-ವೇ ಪ್ಯಾಟ್ರೋಲ್’ (ಪ್ಯಾಟ್ರೋಲ್ ಅಂದರೆ ಗಸ್ತು) 1920ರ ಹೊತ್ತಿಗೆ ಅಲಿಸ್-ಚಾಮರ್ಸ್ 6-12 ಎಂಬ ಪುಟ್ಟ ಟ್ರ್ಯಾಕ್ಟರಿನ ಮೇಲೆ ಬಂತು. ಆಮೇಲೆ ಫೋರ್ಡ್‌ಸನ್, ಮೆಕಾರ್ಮಿಕ್-ಡೀರಿಂಗ್, ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರುಗಳ ಮೇಲೂ ಕಟ್ಟಿದರು. 1928ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ರಸೆಲನ್ನು ಕೊಂಡಿತು. 1931ರಲ್ಲಿ ಅದೇ ಕ್ಯಾಟರ್‌ಪಿಲ್ಲರ್ ತಂದ ‘ಆಟೊ ಪ್ಯಾಟ್ರೋಲ್’ ಇಡೀ ಯಂತ್ರವನ್ನೇ ಗ್ರೇಡರಾಗಿ ವಿನ್ಯಾಸ ಮಾಡಿದ್ದು. ಅಲ್ಲಿಂದ ಟ್ರ್ಯಾಕ್ಟರ್ ಕೂರಿಸುವ ಪದ್ಧತಿ ಹಿಂದೆ ಸರಿಯಿತು. ಆದ್ದರಿಂದ ನಿಮ್ಮ ಯಂತ್ರ 1920ರಿಂದ 1930ರ ದಶಕದ ಆರಂಭದವರೆಗಿನ ಅವಧಿಯದ್ದು ಎಂದು ಹಿಡಿದು ಹುಡುಕಲು ಶುರು ಮಾಡಬಹುದು.

ಮಿನ್ನೆಸೋಟದಲ್ಲಿ ಸಿಕ್ಕಿತೆಂದು ರಸೆಲ್ ಎಂದೇ ತೀರ್ಮಾನಿಸಬೇಡಿ. ಮಿಲ್ವಾಕಿಯ ವೇರ್ ಕಂಪನಿ ಫೋರ್ಡ್‌ಸನ್‌ಗಾಗಿಯೇ ಒಬ್ಬನೇ ಆಳು ನಡೆಸುವ ಗ್ರೇಡರ್ ಮಾಡುತ್ತಿತ್ತು. ಒಹಾಯೋದ ಗೇಲಿಯನ್, ಇಂಡಿಯಾನಾಪೊಲಿಸ್‌ನ ಆಡಮ್ಸ್ ಕೂಡ ಟ್ರ್ಯಾಕ್ಟರ್ ಕೂರಿಸಿದ ಗ್ರೇಡರುಗಳನ್ನು ಮಾರಿದವರು. ಚೌಕಟ್ಟಿನ ಮುಂದಿನ ಚಕ್ರಗಳನ್ನು ಒಂದು ಕಡೆಗೆ ಓರೆಯಾಗಿ ವಾಲಿಸುವ ಸಾಧನ ಇದೆಯೇ ನೋಡಿ. ಬ್ಲೇಡನ್ನು ಓರೆ ಇಟ್ಟು ಮಣ್ಣನ್ನು ಪಕ್ಕಕ್ಕೆ ತಳ್ಳುವಾಗ ಯಂತ್ರದ ಮೂತಿ ಎದುರು ದಿಕ್ಕಿಗೆ ಜಾರುತ್ತದೆ. ಚಕ್ರ ವಾಲಿಸಿದರೆ ಆ ಜಾರಿಕೆ ತಡೆಯುತ್ತದೆ. ಜೋಸೆಫ್ ಡಿ. ಆಡಮ್ಸ್ 1885ರಲ್ಲಿ ತಂದ ಈ ಉಪಾಯ ಆ ಕಂಪನಿಯ ಗುರುತೇ ಆಗಿತ್ತು. ಆದರೆ ಮುಂದೆ ಬೇರೆಯವರೂ ಬಳಸಿದರು. ವಾಲುವ ಚಕ್ರ ಒಂದು ಸುಳಿವು, ಸಾಕ್ಷಿ ಅನ್ನುವಷ್ಟಿಲ್ಲ.

ಗಟ್ಟಿ ಸಾಕ್ಷಿ ಎರಕದ ಭಾಗಗಳ ಮೇಲಿರುತ್ತದೆ. ಫಲಕ ಕಿತ್ತುಹೋದರೂ ಬೀಡು ಕಬ್ಬಿಣದಲ್ಲಿ ಉಬ್ಬಿ ನಿಂತ ಅಂಕಿಗಳು ಹೋಗುವುದಿಲ್ಲ. ಕೈಚಕ್ರದ ಗುಂಬ, ಬ್ಲೇಡ್ ಎತ್ತುವ ಹಲ್ಲುಪೆಟ್ಟಿಗೆಯ ಮುಚ್ಚಳ, ಬ್ಲೇಡ್ ತಿರುಗಿಸುವ ವೃತ್ತದ ಹಿಡಿಕೆಗಳು, ಮುಂದಿನ ಅಚ್ಚಿನ ಕೀಲು, ಚಕ್ರದ ಗುಂಬ ಇವನ್ನೆಲ್ಲ ಹಿತ್ತಾಳೆ ತಂತಿಯ ಬ್ರಷ್‌ನಿಂದ ಉಜ್ಜಿ. ಉಕ್ಕಿನ ಬ್ರಷ್ ಹಳೆಯ ಬಣ್ಣವನ್ನೂ ಕಿತ್ತುಬಿಡುತ್ತದೆ. ಸೀಮೆಸುಣ್ಣವನ್ನು ಅಡ್ಡಡ್ಡವಾಗಿ ಎಳೆದರೆ ಉಬ್ಬಕ್ಷರ ಎದ್ದು ಕಾಣುತ್ತದೆ. ಟಾರ್ಚನ್ನು ಒಂದು ಪಕ್ಕದಿಂದ, ನೆಲಮಟ್ಟಕ್ಕೆ ಸಮನಾಗಿ ಹಿಡಿದು ಫೋಟೊ ತೆಗೆಯಿರಿ. ಪ್ರತಿ ಭಾಗದ ಅಂಕಿ, ಅದರ ಹಿಂದೆ ಮುಂದೆ ಇರುವ ಅಕ್ಷರ, ಜೊತೆಗೆ ‘ಪೇಟೆಂಟ್’ ಎಂದು ಶುರುವಾಗುವ ದಿನಾಂಕ ಸಿಕ್ಕರೆ ಅದನ್ನೂ ಬರೆದುಕೊಳ್ಳಿ. ಒಂದೇ ಅಕ್ಷರ ಹಲವು ಭಾಗಗಳಲ್ಲಿ ಮತ್ತೆ ಮತ್ತೆ ಬಂದರೆ ಅದು ಗ್ರೇಡರ್ ತಯಾರಕರದ್ದಾಗಿರಬಹುದು. ಪೇಟೆಂಟ್ ದಿನಾಂಕವಂತೂ ಚಿನ್ನ. ಅಮೆರಿಕದ ಪೇಟೆಂಟುಗಳು ಮಂಗಳವಾರದಂದೇ ಹೊರಬರುತ್ತವೆ, ಎಲ್ಲವೂ ಅಂತರ್ಜಾಲದಲ್ಲಿ ಉಚಿತ. ಆ ದಿನದ ಪಟ್ಟಿಯಲ್ಲಿ ರಸ್ತೆ ಯಂತ್ರಗಳನ್ನು ಹುಡುಕಿದರೆ ಚಿತ್ರಸಮೇತ ಸಿಗುತ್ತದೆ. ನಿಮ್ಮ ಹಲ್ಲುಪೆಟ್ಟಿಗೆ ಆ ಚಿತ್ರದಂತಿದ್ದರೆ ಅರ್ಧ ಕೆಲಸ ಮುಗಿಯಿತು. ದಿನಾಂಕ ಮಂಗಳವಾರಕ್ಕೆ ಬೀಳದಿದ್ದರೆ ಅಂಕಿಯನ್ನು ತಪ್ಪಾಗಿ ಓದಿದ್ದೀರಿ, ಮತ್ತೆ ಉಜ್ಜಿ ನೋಡಿ.

ಫೋರ್ಡ್‌ಸನ್ನಿನ ಕ್ರಮಸಂಖ್ಯೆಯನ್ನು ಎಂಜಿನ್ ಬ್ಲಾಕಿನ ಪಕ್ಕದಲ್ಲೇ ಕೆತ್ತಿರುತ್ತಾರೆ. ಅದರಿಂದ ವರ್ಷ ಹೇಳುವ ಪಟ್ಟಿಗಳು ಸುಲಭವಾಗಿ ಸಿಗುತ್ತವೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಎಂಜಿನ್ ಸಂಖ್ಯೆ ಹೇಳುವುದು ಟ್ರ್ಯಾಕ್ಟರಿನ ವರ್ಷ. ಗ್ರೇಡರಿನ ವರ್ಷ ಬೇರೆ ಇರಬಹುದು. ಫೋರ್ಡ್‌ಸನ್ ಕೆಟ್ಟಾಗ ಕೌಂಟಿಯ ಮೇಸ್ತ್ರಿ ಇನ್ನೊಂದು ಹಳೆಯ ಫೋರ್ಡ್‌ಸನ್ ತಂದು ಕೂರಿಸಿರಬಹುದು, ಅಥವಾ ಬರೀ ಎಂಜಿನ್ ಬ್ಲಾಕ್ ಬದಲಾಯಿಸಿರಬಹುದು. ಈ ಜೋಡಿ ಹುಟ್ಟಿನಿಂದ ಬಂದದ್ದೋ, ನಡುವೆ ಕೂಡಿದ್ದೋ ಎಂದು ಕಬ್ಬಿಣವೇ ಹೇಳುತ್ತದೆ. ಹೊಲದಲ್ಲಿ ದುಡಿದ ಟ್ರ್ಯಾಕ್ಟರಾಗಿದ್ದರೆ ಹಿಂದಿನ ಉಕ್ಕಿನ ಚಕ್ರಗಳಿಗೆ ಮಣ್ಣು ಕಚ್ಚುವ ಹಲ್ಲುಗಳಿರುತ್ತವೆ. ಹಲ್ಲು ಬಿಚ್ಚಿದ್ದರೂ ಅವುಗಳ ತೂತುಗಳು ಉಳಿದಿರುತ್ತವೆ, ತೂತಿನ ಅಂಚು ಸವೆದಿರುತ್ತದೆ. ರಸ್ತೆಗೆಂದೇ ಬಂದ ಚಕ್ರದ ಪಟ್ಟಿ ನಯವಾಗಿ ಅಗಲವಾಗಿರುತ್ತದೆ, ಅಥವಾ ಗಟ್ಟಿ ರಬ್ಬರಿನದಾಗಿರುತ್ತದೆ. ಮುಂದಿನ ಅಚ್ಚು ಸೇರುವ ಜಾಗವನ್ನು ನೋಡಿ: ಅಲ್ಲಿನ ಕೀಲಿನ ತೂತು ಅಂಡಾಕಾರವಾಗಿ ಸವೆದಿದ್ದರೆ ಈ ಟ್ರ್ಯಾಕ್ಟರ್ ಒಂದು ಕಾಲದಲ್ಲಿ ಸ್ವಂತ ಚಕ್ರದ ಮೇಲೆ ಬಹುಕಾಲ ಓಡಿದೆ. ಚೌಕಟ್ಟು ಸೇರುವ ತೂತುಗಳು ಡ್ರಿಲ್ಲಿನಲ್ಲಿ ಕೊರೆದು ನೇರವಾಗಿದ್ದರೆ ಕಾರ್ಖಾನೆಯ ಕೆಲಸ. ಗ್ಯಾಸ್ ಜ್ವಾಲೆಯಲ್ಲಿ ಕತ್ತರಿಸಿ ಅಂಚು ಕರಗಿದ್ದರೆ ಊರ ಕುಲುಮೆಯ ಕೆಲಸ. ನಡುವೆ ಕೂಡಿದ ಜೋಡಿಯಾದರೂ ಬೇಸರ ಬೇಡ. ಅದೂ ಈ ಯಂತ್ರ ದುಡಿದ ಬಗೆಯ ದಾಖಲೆಯೇ. ಮಾರುವಾಗ, ತೋರಿಸುವಾಗ ಹಾಗೆಂದು ಹೇಳಿದರಾಯಿತು.

ಬಣ್ಣ ಬಳಿಯುವ ಆಸೆಯನ್ನು ತಡೆದುಕೊಳ್ಳಿ. ಫೋರ್ಡ್‌ಸನ್ ಕಾರ್ಖಾನೆಯಿಂದ ಬೂದು ಮೈ, ಕೆಂಪು ಚಕ್ರಗಳೊಂದಿಗೆ ಬರುತ್ತಿತ್ತು. ಗ್ರೇಡರ್ ತಯಾರಕರು ತಮ್ಮ ಬಣ್ಣ ಹಾಕುತ್ತಿದ್ದರು, ಕೌಂಟಿ ತನ್ನದನ್ನು ಮೇಲೆ ಬಳಿಯುತ್ತಿತ್ತು. ಕ್ಯಾಟರ್‌ಪಿಲ್ಲರ್ ಕೂಡ 1931ರ ಕೊನೆಯವರೆಗೆ ಬೂದು ಬಣ್ಣದ್ದೇ, ಆಮೇಲೆ ಹಳದಿ. ಅಂದರೆ ಹಳೆಯ ಗ್ರೇಡರೆಲ್ಲ ಹಳದಿ ಎಂದು ಬಳಿದವರು ಎಷ್ಟೋ ಯಂತ್ರಗಳ ಗುರುತು ಅಳಿಸಿದ್ದಾರೆ. ಬಿಸಿಲು ಬೀಳದ ಕಡೆ, ಅಂದರೆ ಪಟ್ಟಿಗಳ ಸಂದಿ, ಬೋಲ್ಟಿನ ತಲೆಯಡಿ, ಚೌಕಟ್ಟಿನ ಒಳಮೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು 400ರ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ), ನಂತರ 1000ದಿಂದ ಒದ್ದೆಯಾಗಿಯೇ ಉಜ್ಜಿ. ಬಣ್ಣದ ಪದರಗಳು ಉಂಗುರಗಳಾಗಿ ಬಿಚ್ಚಿಕೊಳ್ಳುತ್ತವೆ. ಒಣಗಿದ್ದನ್ನು ಉಜ್ಜಲೇಬಾರದು, ಆ ಕಾಲದ ಬಣ್ಣದಲ್ಲಿ ಸೀಸವಿರುತ್ತದೆ. ಎಕ್ಸಾಸ್ಟ್ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನೂ ಒದ್ದೆ ಮಾಡಿಯೇ ತೆಗೆಯಿರಿ.

ಇನ್ನು ಕಾಗದದ ಹುಡುಕಾಟ. ಇಂಥ ಯಂತ್ರವನ್ನು ಕೊಂಡವರು ಹೆಚ್ಚಾಗಿ ಕೌಂಟಿ ಅಥವಾ ಅದರೊಳಗಿನ ಟೌನ್‌ಶಿಪ್ ಮಂಡಳಿಗಳು. ಸಾರ್ವಜನಿಕ ಹಣವಾದ್ದರಿಂದ ಟೆಂಡರು, ದರ, ಬಿಲ್ಲು ಎಲ್ಲವೂ ಮಂಡಳಿಯ ನಡಾವಳಿಯಲ್ಲಿ ದಾಖಲಾಗುತ್ತಿತ್ತು. ಆ ನಡಾವಳಿ ಸ್ಥಳೀಯ ಪತ್ರಿಕೆಯಲ್ಲೂ ಅಚ್ಚಾಗುತ್ತಿತ್ತು. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರೋನಿಕ್ಲಿಂಗ್ ಅಮೆರಿಕ’ದಲ್ಲಿ ಮತ್ತು ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯ ಡಿಜಿಟಲ್ ಪತ್ರಿಕಾ ಸಂಗ್ರಹದಲ್ಲಿ ನಿಮ್ಮ ಕೌಂಟಿಯನ್ನು ಆರಿಸಿ 1919ರಿಂದ 1933ರವರೆಗೆ ಹುಡುಕಿ. ‘ಮೋಟಾರ್ ಗ್ರೇಡರ್’ ಎಂದಷ್ಟೇ ಹುಡುಕಿದರೆ ಬಹುಪಾಲು ತಪ್ಪಿಹೋಗುತ್ತದೆ. ಆ ಕಾಲದವರು ‘ಮೋಟಾರ್ ಪ್ಯಾಟ್ರೋಲ್’, ‘ಮೇಂಟೇನರ್’, ‘ಪವರ್ ಗ್ರೇಡರ್’, ‘ಒನ್-ಮ್ಯಾನ್ ಗ್ರೇಡರ್’ ಎನ್ನುತ್ತಿದ್ದರು. ಜೊತೆಗೆ ತಯಾರಕರ ಹೆಸರನ್ನೂ, ಅದರ ತಪ್ಪು ಕಾಗುಣಿತಗಳನ್ನೂ ಹಾಕಿ. ಹಳೆಯ ಅಚ್ಚನ್ನು ಕಂಪ್ಯೂಟರ್ ಓದುವಾಗ ‘ರಸೆಲ್’ ಏನೇನೋ ಆಗಿರುತ್ತದೆ. ಪತ್ರಿಕೆಯಲ್ಲಿ ಸಿಕ್ಕ ದಿನಾಂಕ ಹಿಡಿದು ಕೌಂಟಿ ಆಡಿಟರ್ ಕಚೇರಿಯ ಮೂಲ ನಡಾವಳಿ ಪುಸ್ತಕ ಕೇಳಿ, ಕೆಲವೊಮ್ಮೆ ಯಂತ್ರದ ಸಂಖ್ಯೆಯೇ ಅಲ್ಲಿರುತ್ತದೆ. ಮಾರಾಟದ ಕೈಪಿಡಿ, ಬಿಡಿಭಾಗಗಳ ಪಟ್ಟಿಗೆ ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿರುವ ಹಿಸ್ಟಾರಿಕಲ್ ಕನ್‌ಸ್ಟ್ರಕ್ಷನ್ ಎಕ್ವಿಪ್‌ಮೆಂಟ್ ಅಸೋಸಿಯೇಶನ್ನಿನ ಸಂಗ್ರಹಕ್ಕೆ ಬರೆಯಿರಿ. ಫೋರ್ಡ್‌ಸನ್ ಬಗ್ಗೆ ಡಿಯರ್‌ಬಾರ್ನ್‌ನ ಬೆನ್ಸನ್ ಫೋರ್ಡ್ ಸಂಶೋಧನಾ ಕೇಂದ್ರ ಇದೆ. ಪತ್ರ ಬರೆಯುವಾಗ ಎರಕದ ಅಂಕಿಗಳ ಪಟ್ಟಿ, ಚೌಕಟ್ಟಿನ ಉದ್ದಗಲ, ಬ್ಲೇಡಿನ ಉದ್ದ, ನಾಲ್ಕೂ ಬದಿಯ ಫೋಟೊ ಸೇರಿಸಿ. ‘ಇದು ಯಾವುದು ಹೇಳಿ’ ಎಂದು ಒಂದು ಫೋಟೊ ಮಾತ್ರ ಕಳಿಸಿದರೆ ಯಾರೂ ಏನೂ ಹೇಳಲಾಗುವುದಿಲ್ಲ.

ಹಣ ಕೊಡುವ ಮೊದಲು ಮೂರು ಜಾಗ ನೋಡಿ. ಮೊದಲನೆಯದು ಬ್ಲಾಕ್. ಮಿನ್ನೆಸೋಟದ ಚಳಿಯಲ್ಲಿ ನೀರು ಖಾಲಿ ಮಾಡದೆ ಬಿಟ್ಟಿದ್ದರೆ ನೀರಿನ ಕೋಶದ ಗೋಡೆ ಉದ್ದಕ್ಕೆ ಸೀಳಿರುತ್ತದೆ. ಜಿಡ್ಡು ಒರೆಸಿ, ಹಿಂದೆ ಯಾರಾದರೂ ಹಾಕಿದ ತೇಪೆ ಇದೆಯೇ ನೋಡಿ. ಎರಡನೆಯದು ಎಂಜಿನ್ ಮತ್ತು ಗೇರ್‌ಪೆಟ್ಟಿಗೆ ಸೇರುವ ಸಂದು. ಫೋರ್ಡ್‌ಸನ್ನಿಗೆ ಬೇರೆ ಚೌಕಟ್ಟಿಲ್ಲ. ಎಂಜಿನ್, ಗೇರ್‌ಪೆಟ್ಟಿಗೆ, ಹಿಂದಿನ ಅಚ್ಚಿನ ಪೆಟ್ಟಿಗೆ ಒಂದಕ್ಕೊಂದು ಬೋಲ್ಟಾಗಿ ಅದೇ ಬೆನ್ನೆಲುಬು. ಗ್ರೇಡರಿನ ಚೌಕಟ್ಟು ಎಲ್ಲೋ ಬಗ್ಗಿದ್ದರೆ ಆ ತಿರುಚು ಪೂರಾ ಈ ಸಂದಿನ ಮೇಲೆ ಬೀಳುತ್ತದೆ. ಬೋಲ್ಟಿನ ತೂತಿನ ಸುತ್ತ ಬಿರುಕು, ಒಂದೇ ಕಡೆ ಎಣ್ಣೆ ಸೋರಿದ ಕಲೆ ಇದ್ದರೆ ಅನುಮಾನಿಸಿ. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ನೋಡಿ, ಕಾಲಿಂಚಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಚೌಕಟ್ಟು ಸೊಟ್ಟಗಾಗಿದೆ ಎಂದೇ ಲೆಕ್ಕ. ಮೂರನೆಯದು ಹಿಂದಿನ ವರ್ಮ್ ಗೇರ್, ಅಂದರೆ ತಿರುಪಿನಂಥ ದಂಡವೊಂದು ಕಂಚಿನ ಹಲ್ಲುಚಕ್ರವನ್ನು ತಿರುಗಿಸುವ ಜೋಡಿ. ಒಂದು ಹಿಂಚಕ್ರವನ್ನು ಜಾಕಿನಲ್ಲಿ ಎತ್ತಿ, ಗೇರಿನಲ್ಲಿಟ್ಟು, ಚಕ್ರವನ್ನು ಹಿಂದೆ ಮುಂದೆ ಆಡಿಸಿ. ಆಟ ಬಹಳ ಇದ್ದರೆ, ಕೆಳಗಿನ ಎಣ್ಣೆಯಲ್ಲಿ ಕಂಚಿನ ಹೊಳಪಿನ ಪುಡಿ ಕಂಡರೆ ಆ ಹಲ್ಲುಚಕ್ರದ ಹಲ್ಲು ಸವೆದಿದೆ. ಗ್ರೇಡರಿನಲ್ಲಿ ಇಡೀ ದಿನ ಭಾರ ಎಳೆದ ಫೋರ್ಡ್‌ಸನ್ನಿಗೆ ಇದು ಸಾಮಾನ್ಯ ಕಾಯಿಲೆ. ರೇಡಿಯೇಟರ್, ಕಿಡಿ ಹುಟ್ಟಿಸುವ ಕಾಯಿಲ್ ಪೆಟ್ಟಿಗೆ, ಸೀಮೆಎಣ್ಣೆಯನ್ನು ಆವಿ ಮಾಡುವ ವೇಪರೈಸರ್ ಕಾಣೆಯಾಗಿದ್ದರೂ ಚಿಂತೆಯಿಲ್ಲ, ಅವು ಸಿಗುತ್ತವೆ. ಗ್ರೇಡರಿನ ಹಲ್ಲುಪೆಟ್ಟಿಗೆ ಒಡೆದಿದ್ದರೆ ಮಾತ್ರ ಮರದ ಮಾದರಿ ಮಾಡಿಸಿ ಹೊಸದಾಗಿ ಎರಕ ಹೊಯ್ಯಿಸಬೇಕು. ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿ.

ಸಾಗಿಸುವಾಗ ಬ್ಲೇಡನ್ನು ಟ್ರೇಲರಿನ ಮೇಲಿಟ್ಟ ಮರದ ದಿಮ್ಮಿಯ ಮೇಲೆ ಇಳಿಸಿ ಭಾರ ಕೂರಿಸಿ. ಇಲ್ಲದಿದ್ದರೆ ರಸ್ತೆಯ ಪ್ರತಿ ಕುಲುಕೂ ಹಲ್ಲುಪೆಟ್ಟಿಗೆಗೆ ಹೋಗುತ್ತದೆ. ಉಕ್ಕಿನ ಚಕ್ರ ಟ್ರೇಲರಿನ ಕಬ್ಬಿಣದ ಮೇಲೆ ಜಾರುತ್ತದೆ, ಅಡಿಗೆ ಹಲಗೆ ಅಥವಾ ರಬ್ಬರ್ ಹಾಸು ಬೇಕು. ನಾಲ್ಕು ಮೂಲೆಗೆ ನಾಲ್ಕು ಬೇರೆ ಬೇರೆ ಸರಪಳಿ, ಗ್ರೇಡ್ 70ರ 3/8 ಇಂಚಿನ ಸರಪಳಿಗೆ ಕೆಲಸದ ಮಿತಿ 6,600 ಪೌಂಡ್. ಸರಪಳಿಯನ್ನು ಚೌಕಟ್ಟಿಗೆ, ಅಚ್ಚಿನ ಪೆಟ್ಟಿಗೆಗೆ ಹಾಕಬೇಕು. ಕೈಚಕ್ರದ ಸರಳುಗಳ ಮೇಲೆ ಹಾಯಿಸಿದರೆ ಬಗ್ಗುತ್ತವೆ.

ಮನೆಗೆ ಬಂದ ಮೇಲೆ ಹ್ಯಾಂಡಲ್ ಹಾಕಿ ತಿರುಗಿಸುವ ಆತುರ ಬೇಡ. ಹೆಡ್ ಬಿಚ್ಚಿ, ಸಿಲಿಂಡರುಗಳಿಗೆ ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮಪಾಲು ಬೆರೆಸಿ ಹುಯ್ದು, ಮೇಲೆ ಮುಚ್ಚಿ, ಬೆಂಕಿಯಿಂದ ದೂರ ಬಿಡಿ. ವಾರಗಟ್ಟಲೆ ಆಗಬಹುದು. ಪ್ರತಿದಿನ ಮರದ ತುಂಡಿಟ್ಟು ಪಿಸ್ಟನ್ ಮೇಲೆ ಮೆಲ್ಲಗೆ ಬಡಿಯಿರಿ. ಮೊದಲು ಕೆಳಕ್ಕೆ ಜರುಗಿದ್ದು ಸ್ವಲ್ಪವಾದರೂ ಸಾಕು, ಹಿಂದೆ ಮುಂದೆ ಆಡಿಸುತ್ತಾ ಬಿಡಿಸಬಹುದು. ಕವಾಟಗಳು ಸರಾಗವಾಗಿ ಏರಿಳಿಯುತ್ತವೆಯೇ ನೋಡದೆ ಪೂರ್ತಿ ಸುತ್ತಬೇಡಿ. ಅಡಿಯ ಎಣ್ಣೆಪಾತ್ರೆ ಬಿಚ್ಚಿ ಬೇರಿಂಗ್ ನೋಡಲೇಬೇಕು. ಇದು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್. ಉರಿಯದ ಸೀಮೆಎಣ್ಣೆ ಕೆಳಗಿಳಿದು ಎಣ್ಣೆಯನ್ನು ತೆಳುಮಾಡಿ ಬೇರಿಂಗ್ ತಿನ್ನುತ್ತದೆ. ಈಗ ಬರೀ ಪೆಟ್ರೋಲಿನಲ್ಲೇ ಓಡಿಸುವುದು ಒಳ್ಳೆಯದು.

ಕಿಡಿಗೆ ಬಳಸುವ ಕಾಯಿಲುಗಳು ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನವೇ, ಆದ್ದರಿಂದ ಹೊಸ ಪಾಯಿಂಟು, ಕೆಪಾಸಿಟರ್ ಸಿಗುತ್ತವೆ. ಒಳಗಿನ ಹಳೆಯ ಕಾಗದದ ಕೆಪಾಸಿಟರ್ ಖಂಡಿತ ಸತ್ತಿರುತ್ತದೆ, 0.47 ಮೈಕ್ರೋಫ್ಯಾರಡಿನದ್ದು ಹಾಕಿಸಿ, ಪರೀಕ್ಷಾಯಂತ್ರದಲ್ಲಿ 1.3 ಆಂಪಿಯರಿಗೆ ಹೊಂದಿಸಿಕೊಳ್ಳಿ. ಮೊದಲ ಪರೀಕ್ಷೆಗೆ 6 ವೋಲ್ಟ್ ಬ್ಯಾಟರಿಯಿಂದ ಕಾಯಿಲಿಗೆ ಕರೆಂಟ್ ಕೊಡಬಹುದು. ಆದರೆ ಅದಕ್ಕೂ ಮೊದಲು ಮ್ಯಾಗ್ನೆಟೋದಿಂದ (ಎಂಜಿನ್ ತಿರುಗಿದಾಗ ಕಿಡಿಗೆ ಕರೆಂಟ್ ಹುಟ್ಟಿಸುವ ಭಾಗ) ಬರುವ ತಂತಿಯನ್ನು ಬಿಚ್ಚಿಡಿ. ಬ್ಯಾಟರಿಯ ಕರೆಂಟು ಅದಕ್ಕೆ ತಗುಲಿದರೆ ಫ್ಲೈವೀಲಿನ ಆಯಸ್ಕಾಂತಗಳು ಶಕ್ತಿ ಕಳೆದುಕೊಳ್ಳುತ್ತವೆ.

ಹಿಂದಿನ ವರ್ಮಿಗೆ ಜಿಎಲ್-5 ಎಂದು ಬರೆದ ಗೇರೆಣ್ಣೆ ಹಾಕಬಾರದು. ಅದರಲ್ಲಿನ ಗಂಧಕದ ಸಂಯುಕ್ತ ಕಂಚನ್ನು ಕೊರೆಯುತ್ತದೆ. ಹಬೆಯಂತ್ರದ ಸಿಲಿಂಡರ್ ಎಣ್ಣೆ, ಅಥವಾ ಕಂಚಿಗೆ ಹೊಂದುವ ವರ್ಮ್ ಗೇರ್ ಎಣ್ಣೆ ಸರಿ.

ಬ್ಲೇಡಿನ ಕಡೆ ಸಾಮಾನ್ಯವಾಗಿ ಎರಡು ತೊಂದರೆ. ಕೈಚಕ್ರ ಜಾಮ್ ಆಗಿರುವುದು, ಬಿಡಿಸಿದ ಮೇಲೆ ಬ್ಲೇಡ್ ನಡುಗುವುದು. ಜಾಮ್ ಆದ ಕೈಚಕ್ರದ ಅಂಚಿಗೆ ಪೈಪ್ ಸಿಗಿಸಿ ಎಳೆದರೆ ಬೀಡು ಕಬ್ಬಿಣ ಚಟ್ಟನೆ ಒಡೆಯುತ್ತದೆ. ಹಲ್ಲುಪೆಟ್ಟಿಗೆಯ ಮುಚ್ಚಳ ತೆಗೆದು ಗಟ್ಟಿಯಾದ ಗ್ರೀಸನ್ನು ಡೀಸೆಲ್ಲಿನಲ್ಲಿ ನೆನೆಸಿ ಕರಗಿಸಿ, ಅದನ್ನೆಲ್ಲ ಒರೆಸಿ ಒಣಗಿಸಿದ ನಂತರ ಪೆಟ್ಟಿಗೆಯ ಹೊರಮೈಯನ್ನು ನಿಧಾನವಾಗಿ ಬಿಸಿ ಮಾಡಿ, ಸರಳನ್ನು ಎರಡೂ ಕಡೆಗೆ ಅಲುಗಿಸಿ. ನಡುಕಕ್ಕೆ ಕಾರಣ ಸವೆದ ಗುಂಡುಕೀಲುಗಳು ಮತ್ತು ವೃತ್ತವನ್ನು ಹಿಡಿದಿರುವ ಪಾದಗಳು. ಗುಂಡುಕೀಲಿನ ಎರಡು ಹೋಳುಗಳ ನಡುವೆ ಇರುವ ತೆಳು ತಗಡುಗಳನ್ನು ಒಂದೊಂದಾಗಿ ತೆಗೆದು ಬಿಗಿ ಮಾಡಿ. ವೃತ್ತದ ಪಾದಗಳಿಗೆ ಸುಮಾರು ಹದಿನಾರನೇ ಒಂದಿಂಚು ಸಡಿಲ ಬಿಡಿ, ಇನ್ನೂ ಬಿಗಿದರೆ ವೃತ್ತ ತಿರುಗುವುದಿಲ್ಲ. ಬ್ಲೇಡಿನ ಅಡಿಗೆ ಬೋಲ್ಟಾಗಿರುವ ಹರಿತದ ಪಟ್ಟಿ ಸವೆದು ಬ್ಲೇಡೇ ನೆಲಕ್ಕೆ ತಾಗಿದೆಯೇ ನೋಡಿ. ಹೊಸ ಪಟ್ಟಿ ಕೊಳ್ಳುವ ಮುನ್ನ ತೂತಿನಿಂದ ತೂತಿಗೆ ಅಂತರ, ಬೋಲ್ಟಿನ ದಪ್ಪ, ಪಟ್ಟಿಯ ಬಾಗು ಮೂರನ್ನೂ ಅಳೆದಿರಿ. ತಲೆ ಒಳಗಿಳಿದು ಕೂರುವ ಚೌಕ ಕತ್ತಿನ ಬೋಲ್ಟೇ ಬೇಕು, ಮಾಮೂಲಿ ಬೋಲ್ಟಿನ ತಲೆ ಒಂದೇ ದಿನದಲ್ಲಿ ಸವೆದುಹೋಗುತ್ತದೆ.

ಮೊದಲ ಬಾರಿ ಶುರು ಮಾಡುವಾಗ ಒಂದು ಅಪಾಯ ಗೊತ್ತಿರಲಿ. ಫೋರ್ಡ್‌ಸನ್ ಕ್ಲಚ್ಚಿನ ತಟ್ಟೆಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಚಳಿಗೆ ಎಣ್ಣೆ ಗಟ್ಟಿಯಾದರೆ ಕ್ಲಚ್ ತುಳಿದರೂ ಅವು ಅಂಟಿಕೊಂಡೇ ಇರುತ್ತವೆ, ಯಂತ್ರ ಹ್ಯಾಂಡಲ್ ಹೊಡೆದವರ ಮೇಲೆಯೇ ಬರಬಹುದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಒಂದು ಹಿಂಚಕ್ರ ಎತ್ತಿ ಸ್ಟ್ಯಾಂಡಿನ ಮೇಲಿರಲಿ, ಉಳಿದವಕ್ಕೆ ಅಡ್ಡಗಟ್ಟಿ. ಕಿಡಿ ತಡವಾಗಿ ಹಾರುವಂತೆ ಅದರ ಹಿಡಿಯನ್ನು ಪೂರ್ತಿ ಹಿಂದಿಟ್ಟು, ಹೆಬ್ಬೆರಳನ್ನು ಇತರ ಬೆರಳುಗಳ ಪಕ್ಕಕ್ಕೇ ಇಟ್ಟು, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಬ್ರೇಕನ್ನು ನಂಬಬೇಡಿ, ಹಳೆಯ ಫೋರ್ಡ್‌ಸನ್‌ಗಳಿಗೆ ಅದು ಇರಲೇ ಇಲ್ಲ. ಇಳಿಜಾರಿನ ಕಡೆ ಹೋಗದೆ ಸಮತಟ್ಟಾದ ಜಲ್ಲಿ ದಾರಿಯಲ್ಲಿ ಎರಡನೇ ಗೇರಿನಲ್ಲಿ ಬ್ಲೇಡನ್ನು ಅರ್ಧ ಇಂಚಷ್ಟೇ ಇಳಿಸಿ ಹೆರೆದು ನೋಡಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹಿಂದಿನ ಪೆಟ್ಟಿಗೆಯ ಮೇಲೆ ಅಂಗೈ ಇಡಿ, ಇಟ್ಟ ಕೈ ನಿಲ್ಲದಷ್ಟು ಬಿಸಿಯಾಗಿದ್ದರೆ ಅವತ್ತಿನ ಕೆಲಸ ಅಲ್ಲಿಗೆ ಬಿಟ್ಟು ಎಣ್ಣೆಯ ಮಟ್ಟ, ವರ್ಮಿನ ಬೇರಿಂಗ್ ನೋಡಿ.